ಸ್ಟೇಜ್ ಹತ್ತದ ಏಳನೆಯ ಹಾಡು

ತುಮಕೂರಿನಲ್ಲಿ ಆಟೋ ಹತ್ತುವುದೆಂದರೆ ನನಗೆ ಒಂದು ಥರ ಹಿಂಸೆ. ಬಸ್ ಸ್ಟ್ಯಾಂಡಿನಿಂದ ಮನೆ ಸೇರುವಷ್ಟರಲ್ಲಿ ಪಕ್ಕದ ಆಟೋದಲ್ಲೋ, ಸಿಗ್ನಲ್ ಹತ್ತಿರದ ಜ್ಯೂಸ್ ಅಂಗಡಿಯಲ್ಲೋ ನಮ್ಮ ಬ್ಯಾಂಡಿನ ಟೋಲ್‌ಗೇಟ್ ಹಾಡು ಕೇಳಿಸಿಯೇ ಕೇಳಿಸುತ್ತದೆ. ನಮ್ಮದೇ ಬ್ಯಾಂಡು, ನಮ್ಮದೇ ಹಾಡು, ಅದರಲ್ಲಿ ಗುಡುಗುಡು ಅನ್ನುವ ಬೇಸ್ ಗಿಟಾರ್ ನುಡಿಸಿರುವವನು ನಾನೇ. ಎದೆ ಉಬ್ಬಿಸಿಕೊಂಡು ಕೂರಬೇಕು. ನಾನು ಹಲ್ಲು ಕಚ್ಚಿಕೊಂಡು ಕೂರುತ್ತೇನೆ. ಏಕೆಂದರೆ ಆ ಹಾಡು ಕಟ್ಟಿದವನೂ ಹಾಡಿದವನೂ ನಾನಲ್ಲ, ನನ್ನ ಗೆಳೆಯ. ಅದು ಕಿವಿಗೆ ಬಿದ್ದಾಗಲೆಲ್ಲ ಹೊಟ್ಟೆಯೊಳಗೆ ಹಸಿಮೆಣಸಿನಕಾಯಿ ಅರೆದ ಹಾಗಾಗುತ್ತದೆ. ಇದನ್ನು ಮುಚ್ಚಿಟ್ಟುಕೊಂಡು ಬರೆದರೆ ಮುಂದಿನದೆಲ್ಲ ಸುಳ್ಳಾಗುತ್ತದೆ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ನಮ್ಮದು ರಾಕ್ ಬ್ಯಾಂಡ್. ಈ ಊರಿನಲ್ಲಿ ಬ್ಯಾಂಡ್ ಎಂದರೆ ಮದುವೆಯ ಬ್ಯಾಂಡ್ ಸೆಟ್ ಅಂತಲೇ ಅರ್ಥ. ನನ್ನ ಮದುವೆ ಮಾತುಕತೆಯ ದಿನ ಮಾವನವರು ಬಹಳ ಗಂಭೀರವಾಗಿ, ಕ್ಲಾರಿನೆಟ್ಟೋ ಡೋಲೋ ಎಂದು ಕೇಳಿದ್ದರು. ಬೇಸ್ ಗಿಟಾರ್ ಅಂದೆ. ಅದು ಕೇಳಿಸುತ್ತಾ ಅಂದರು. ಬೇಸ್ ಇದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಇಲ್ಲದಿದ್ದರೆ ಏನೋ ಕಮ್ಮಿ ಅನ್ನಿಸುತ್ತದೆ, ಸಾರಿಗೆ ಹಾಕುವ ಇಂಗಿನ ಹಾಗೆ.

ಮೊದಲಿಗೆ ನಾವು ಮೂರೇ ಜನ. ಹಾಡುವವನು ಕುಣಿಗಲ್ಲಿನವನು, ಗಿಟಾರೂ ಅವನದೇ. ಅಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಪಿಯುಸಿಯಲ್ಲಿ ಅವನೂ ನಾನೂ ಒಂದೇ ಬೆಂಚು. ಡ್ರಮ್ಮರ್ ನಮಗಿಂತ ಚಿಕ್ಕವನು, ತುಮಕೂರಿನವನು. ಅವನ ಅಬ್ಬಾ ನಿಜವಾಗಿಯೂ ಮದುವೆಯ ಬ್ಯಾಂಡ್ ಸೆಟ್ ನಡೆಸುವವರು, ಊರಿನ ಅರ್ಧ ಮದುಮಕ್ಕಳನ್ನು ಮಂಟಪಕ್ಕೆ ತಲುಪಿಸಿದವರು. ನಾನು ತುಮಕೂರಿನ ಪಕ್ಕದ ಸತ್ಯಮಂಗಲದ ಸಣ್ಣ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತೇನೆ. ಭಾನುವಾರ ಬೆಳಿಗ್ಗೆ ಮೂವರೂ ಊರ್ಡಿಗೆರೆಯ ಹತ್ತಿರ ಖಾಲಿ ಬಿದ್ದಿದ್ದ ಕೋಳಿ ಶೆಡ್ಡಿನಲ್ಲಿ ಸೇರುತ್ತಿದ್ದೆವು. ಕೋಳಿಗಳು ಹೋಗಿ ವರ್ಷಗಳಾದರೂ ವಾಸನೆ ಹೋಗಿರಲಿಲ್ಲ. ಸುತ್ತ ರಾಗಿ ಹೊಲ, ಎಷ್ಟು ಜೋರಾಗಿ ಬಾರಿಸಿದರೂ ಬೈಯುವವರಿಲ್ಲ.

ನಾವು ಮಾಡಿದ್ದು ಒಂದೇ ಆಲ್ಬಮ್, ಏಳು ಹಾಡು. ಮೊದಲನೆಯದು ಟೋಲ್‌ಗೇಟ್. ಹೆದ್ದಾರಿಯ ಟೋಲಿನಲ್ಲಿ ಒಬ್ಬ ಹುಡುಗ ಲಾರಿ, ಕಾರುಗಳ ನಡುವೆ ಸಿಕ್ಕಿಕೊಂಡಿದ್ದಾನೆ, ಅವನ ಹುಡುಗಿ ಹತ್ತಿದ ಬಸ್ಸು ಮುಂದೆ ಹೋಗುತ್ತಿದೆ, ಗೇಟು ಮಾತ್ರ ಮೇಲೇಳುತ್ತಿಲ್ಲ. ನನ್ನ ಗೆಳೆಯ ಸ್ಟೇಜಿನಿಂದ 'ಗೇಟ್' ಅಂದರೆ ಜನ ಕೆಳಗಿನಿಂದ 'ತೆಗಿ' ಅನ್ನುತ್ತಾರೆ. ಇಷ್ಟೇ ಹಾಡು. ಇದನ್ನು ಅವನು ಕುಣಿಗಲ್ ಬಸ್ಸಿನಲ್ಲಿ ಬರುತ್ತಾ ಬರುತ್ತಾ ಕಟ್ಟಿದ್ದನಂತೆ. ನಾನು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡರೂ ಅಂಥ ಒಂದು 'ತೆಗಿ' ನನ್ನ ತಲೆಯಿಂದ ಹೊರಬರಲಿಲ್ಲ.

ಏಳನೆಯದು ನನ್ನದು. ಪದವೂ ನನ್ನದೇ, ಧಾಟಿಯೂ ನನ್ನದೇ. ಹೆಸರು 'ಮಧ್ಯಾಹ್ನ'. ನಾನು ಚಿಕ್ಕವನಿದ್ದಾಗ ಬೇಸಿಗೆಯಲ್ಲಿ ಊಟ ಆಗುತ್ತಿದ್ದಂತೆ ಕರೆಂಟ್ ಹೋಗುತ್ತಿತ್ತು. ಫ್ಯಾನು ನಿಧಾನವಾಗಿ ತಿರುಗಿ ತಿರುಗಿ ನಿಲ್ಲುತ್ತಿತ್ತು. ಅಮ್ಮ ಹಳೇ ಕ್ಯಾಲೆಂಡರಿನ ರಟ್ಟು ತಗೊಂಡು ನನಗೆ ಗಾಳಿ ಬೀಸುತ್ತಾ ತಾನೇ ತೂಕಡಿಸುತ್ತಿದ್ದಳು. ನಿದ್ದೆಯಲ್ಲಿ ಕೈ ನಿಲ್ಲುತ್ತಿತ್ತು. ನಾನು ಸ್ವಲ್ಪ ಹೊರಳಿದರೆ ಮತ್ತೆ ಬೀಸಲು ಶುರುವಾಗುತ್ತಿತ್ತು, ಕಣ್ಣು ಬಿಡದೆಯೇ. ಹಾಡಿನಲ್ಲಿರುವುದು ಅಷ್ಟೇ. ಆ ಕೈ ನಿಲ್ಲುವ ಜಾಗದಲ್ಲಿ ಎಲ್ಲ ವಾದ್ಯವೂ ನಿಲ್ಲುತ್ತದೆ, ಹಾಡುವವನೂ ನಿಲ್ಲುತ್ತಾನೆ. ಒಂದು ಉಸಿರಿನಷ್ಟಲ್ಲ, ಕೇಳುವವನಿಗೆ ಫೋನ್ ಕೆಟ್ಟಿತೇನೋ ಎಂದು ಅನುಮಾನ ಬರುವಷ್ಟು ಹೊತ್ತು. ಆಮೇಲೆ ಮೆಲ್ಲಗೆ ಎಲ್ಲ ಮತ್ತೆ ಶುರು. ಆ ನಿಲುಗಡೆಗಾಗಿಯೇ ನಾನು ಇಡೀ ಹಾಡು ಕಟ್ಟಿದ್ದು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ನೀವು ನಗಬಹುದು. ನಗಿ.

ಆದರೆ ಈ ಹೆಗ್ಗಣವನ್ನು ಮುದ್ದು ಮಾಡುವವರು ಬೇರೆಯವರೂ ಇದ್ದರು. ಆಲ್ಬಮ್ಮನ್ನು ಕೊನೆಯವರೆಗೆ ಕೇಳುವ ಸಹನೆ ಇದ್ದವರೆಲ್ಲ ಅಲ್ಲಿಗೆ ಬಂದು ನಿಲ್ಲುತ್ತಿದ್ದರು. ಟೋಲ್‌ಗೇಟ್ ಇಷ್ಟಪಟ್ಟವರು ಶೋ ಮುಗಿದ ಮೇಲೆ ಸೆಲ್ಫಿ ಕೇಳುತ್ತಾರೆ. ಮಧ್ಯಾಹ್ನ ಇಷ್ಟಪಟ್ಟವರು ಗುಂಪು ಕರಗುವ ತನಕ ಕಾದು, ಪಕ್ಕಕ್ಕೆ ಕರೆದು, ಮನೆಯ ಕಷ್ಟ ಹೇಳಿಕೊಳ್ಳುವವರ ಹಾಗೆ ಮೆತ್ತಗೆ ಕೇಳುತ್ತಾರೆ: ಅದನ್ನ ಯಾಕೆ ಸಾರ್ ನುಡಿಸಲ್ಲ? ಕೇಳುವುದು ನನ್ನನ್ನಲ್ಲ, ನನ್ನ ಗೆಳೆಯನನ್ನು. ಹಾಡಿದ ದನಿ ಅವನದಲ್ಲವೇ. ನಾನು ಎರಡು ಮಾರು ದೂರದಲ್ಲಿ ವೈರ್ ಸುತ್ತುತ್ತಿರುತ್ತೇನೆ, ಕಿವಿ ಮಾತ್ರ ಅಲ್ಲೇ.

ನುಡಿಸಿಯೇ ಇಲ್ಲವೆಂದಲ್ಲ. ಶುರುವಿನಲ್ಲಿ ಒಂದೆರಡು ಸಣ್ಣ ಕಡೆ ನುಡಿಸಿದ್ದೆವು, ಆಮೇಲೆ ಗುಬ್ಬಿಯಲ್ಲಿ. ಗುಬ್ಬಿಯದು ಬೀದಿ ಗಣೇಶನ ಪೆಂಡಾಲು, ಸಂಜೆಯ ಕಾರ್ಯಕ್ರಮ. ಮುಂದಿನ ಸಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯಲ್ಲಿ ಸಮಿತಿಯವರು, ಅವರ ಹಿಂದೆ ಹೆಂಗಸರು ಮಕ್ಕಳು, ತೀರಾ ಹಿಂದೆ ಕುಣಿಯುವ ಹುಡುಗರು. ನಿರೂಪಣೆಗೆ ಒಬ್ಬ ಉತ್ಸಾಹಿ ಇದ್ದ. ಅವನ ತಲೆಯಲ್ಲಿ ಒಂದೇ ಚಿಂತೆ: ಮುಖ್ಯ ಅತಿಥಿಗಳು ಊಟಕ್ಕೆ ಹೊರಡುವುದರೊಳಗೆ ಸನ್ಮಾನ ಮುಗಿಸಬೇಕು. ಎರಡು ಹಾಡಿನ ನಡುವೆ ಸಂದಿ ಸಿಕ್ಕರೆ ನುಗ್ಗಲು ಸ್ಟೇಜಿನ ಮೆಟ್ಟಿಲ ಮೇಲೆಯೇ ಮೈಕ್ ಹಿಡಿದು ನಿಂತಿದ್ದ.

ನಾವು ಮಧ್ಯಾಹ್ನ ಶುರು ಮಾಡಿದೆವು. ಜನ ಸುಮ್ಮನಾದರು. ನಿಲುಗಡೆ ಬಂತು, ನಿಲ್ಲಿಸಿದೆವು. ಸಮಿತಿಯವರು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಕೇಳಿದ ನಿರೂಪಕ ದಡದಡ ಮೇಲೆ ಹತ್ತಿ, ಇಂಥ ಅದ್ಭುತ ಗೀತೆಯನ್ನು ಕೊಟ್ಟ ಕುಣಿಗಲ್ಲಿನ ಕಲಾವಿದರಿಗೆ ಮುಖ್ಯ ಅತಿಥಿಗಳಿಂದ ಸನ್ಮಾನ ಎಂದು ಘೋಷಿಸಿಯೇಬಿಟ್ಟ. ಅರ್ಧಕ್ಕೆ ನಿಂತ ನನ್ನ ಹಾಡಿನ ನಟ್ಟನಡುವೆ ಗೆಳೆಯನ ತಲೆಗೆ ಮೈಸೂರು ಪೇಟ ಇಟ್ಟರು, ಹೆಗಲಿಗೆ ಶಾಲು ಹೊದಿಸಿದರು, ಕೈಗೆ ಹಣ್ಣಿನ ಬುಟ್ಟಿ ಕೊಟ್ಟರು. ಡ್ರಮ್ಮರ್ ಕೋಲು ಮೇಲೆತ್ತಿಕೊಂಡು ಹಾಗೇ ಕೂತಿದ್ದ. ನಾನು ತಂತಿಯ ಮೇಲೆ ಬೆರಳಿಟ್ಟುಕೊಂಡು ಹಾಗೇ ನಿಂತಿದ್ದೆ. ಅತಿಥಿಗಳು ನನ್ನನ್ನು ನೋಡಿ, ಸ್ವಲ್ಪ ಪಕ್ಕಕ್ಕೆ ಬಾರಪ್ಪ, ಫೋಟೋಗೆ ಅಡ್ಡ ಬರ್ತಿದೀಯ ಅಂದರು. ಪಕ್ಕಕ್ಕೆ ಹೋದೆ.

ಫೋಟೋ ಮುಗಿದ ಮೇಲೆ ಹಾಡಿನ ಉಳಿದರ್ಧ ಯಾರಿಗೂ ನೆನಪಾಗಲಿಲ್ಲ. ಹಿಂದಿನ ಹುಡುಗರು ಗೇಟು ಗೇಟು ಅಂತ ಕೂಗಲು ಶುರುಮಾಡಿದ್ದರು. ಪೇಟ ಇಟ್ಟುಕೊಂಡೇ ಅವನು ಟೋಲ್‌ಗೇಟ್ ಹಾಡಿದ. ಗುಬ್ಬಿಯಿಂದ ತುಮಕೂರು ಎಷ್ಟು ದೂರ ಮಹಾ, ಆದರೂ ವ್ಯಾನಿನಲ್ಲಿ ಆ ಹಣ್ಣಿನ ಬುಟ್ಟಿ ನನ್ನ ಕಾಲ ಹತ್ತಿರವೇ ಇತ್ತು, ಮೂಸಂಬಿ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ತಿನ್ನು ಅಂತ ಅವನು ಒಂದು ಸುಲಿದು ಕೊಟ್ಟ. ಹಲ್ಲು ಜುಮ್ಮೆನ್ನುತ್ತದೆ ಅಂತ ಹೇಳಿ ಬೇಡವೆಂದೆ.

ಅಲ್ಲಿಂದಾಚೆಗೆ ಮಧ್ಯಾಹ್ನ ನಿಂತೇಹೋಯಿತು. ಪ್ರತಿ ಶೋಗೂ ಮೊದಲು ಶೆಡ್ಡಿನಲ್ಲಿ ಯಾವ ಯಾವ ಹಾಡು ಅಂತ ಮಾತಾಗುತ್ತಿತ್ತು. ನಾನು ಕೆಮ್ಮುತ್ತಿದ್ದೆ. ಅವನು ಆರು ಹಾಡು ಹೇಳಿ ಏಳನೆಯದರ ಹತ್ತಿರ ಬಂದಾಗ ಗಿಟಾರಿನ ಕಿವಿ ಹಿಂಡಲು ಶುರುಮಾಡುತ್ತಿದ್ದ. ಕೇಳಿದರೆ ಒಂದೊಂದು ಸಲ ಒಂದೊಂದು ನೆಪ. ಆ ಹಾಡಿಗೆ ನಿನ್ನ ಬೇಸಿನ ಒಂದು ತಂತಿಯ ಶ್ರುತಿ ಇಳಿಸಬೇಕು, ಆಮೇಲೆ ಮತ್ತೆ ಏರಿಸಬೇಕು, ಅಷ್ಟರಲ್ಲಿ ಜನ ಗೋಬಿ ತಿನ್ನಲು ಹೋಗುತ್ತಾರೆ. ನನಗೆ ಗಂಟಲು ಕಟ್ಟಿದೆ, ಅಷ್ಟು ಮೆಲ್ಲಗೆ ಹಾಡಲು ಆಗುವುದಿಲ್ಲ. ಇಲ್ಲಿ ಸೌಂಡ್ ಸರಿಯಿಲ್ಲ. ಒಂದು ಸಲ ನಾನು ಬಿಡದೆ ಪಟ್ಟು ಹಿಡಿದಾಗ ಮುಖ ಆ ಕಡೆ ತಿರುಗಿಸಿಕೊಂಡು ಹೇಳಿದ:

"ಅದು ಕೂತು ಕೇಳೋ ಹಾಡು ಕಣ್ಲಾ. ನಿಂತಿರೋ ಜನದ ಮುಂದೆ ಹಾಡಕ್ಕಾಗಲ್ಲ, ಬುಡು."

ನ್ಯಾಯವಾಗಿ ನೋಡಿದರೆ ಇದರಲ್ಲಿ ಸತ್ಯ ಇಲ್ಲದೆ ಇರಲಿಲ್ಲ. ನಾನೂ ಬೆಂಗಳೂರಿಗೆ ಹೋಗಿ ದೊಡ್ಡ ದೊಡ್ಡ ಬ್ಯಾಂಡುಗಳ ಶೋ ನೋಡಿದವನೇ. ಮನೆಯಲ್ಲಿ ಕತ್ತಲು ಮಾಡಿಕೊಂಡು ಕೇಳುತ್ತಿದ್ದ ಒಂದು ಹಾಡಿಗಾಗಿ ಮೈದಾನದಲ್ಲಿ ಕಾಲು ನೋಯಿಸಿಕೊಂಡು ನಿಂತಿದ್ದೇನೆ, ಅದನ್ನು ಬಿಟ್ಟು ಮಿಕ್ಕಿದ್ದೆಲ್ಲ ನುಡಿಸಿ ಹೋಗಿದ್ದಾರೆ. ಆಗೆಲ್ಲ ಬೈದುಕೊಂಡಿದ್ದೆ. ನಮ್ಮಂಥವರ ಪ್ರೀತಿ ಇವರಿಗೆ ಬೇಕಿಲ್ಲ, ಕೂಗುವವರ ಪ್ರೀತಿಯೇ ಸಾಕು ಅಂದುಕೊಂಡಿದ್ದೆ. ಸ್ಟೇಜಿನ ಮೇಲೆ ನಿಂತಾಗ ಗೊತ್ತಾಯಿತು, ಮೆತ್ತನೆಯ ಹಾಡನ್ನು ಪ್ರೀತಿಸುವವರು ಮೆತ್ತಗೇ ಇರುತ್ತಾರೆ. ಅವರು ಬಂದಿದ್ದಾರೋ ಇಲ್ಲವೋ ಮೇಲಿನಿಂದ ಕಾಣಿಸುವುದೇ ಇಲ್ಲ.

ಡ್ರಮ್ಮರನನ್ನು ಕೇಳಿದೆ, ನೀನಾದರೂ ಹೇಳೋ ಅವನಿಗೆ ಅಂತ. ಅವನು ಹೇಳಲಿಲ್ಲ, ಬದಲಿಗೆ ತನ್ನ ಅಬ್ಬಾನ ವಿಷಯ ತೆಗೆದ. ಅವರ ಬ್ಯಾಂಡ್ ಸೆಟ್ಟಿನಲ್ಲಿ ಒಂದು ಹಳೇ ಧಾಟಿ ಇದೆಯಂತೆ. ಕ್ಲಾರಿನೆಟ್ಟಿನಲ್ಲಿ ಅದನ್ನು ಅವರು ನುಡಿಸಿದರೆ ಕೇಳಿದವರು ಕಣ್ಣೊರೆಸಿಕೊಳ್ಳುತ್ತಾರಂತೆ. ಒಮ್ಮೆ ಯಾವುದೋ ಮದುವೆಯಲ್ಲಿ ಹುರುಪಿನಲ್ಲಿ ಬೀದಿಯಲ್ಲೇ ಶುರು ಮಾಡಿದರು. ಕುಣಿಯುತ್ತಿದ್ದವರು ನಿಂತರು, ದೀಪ ಹೊತ್ತವರು ನಿಂತರು, ಕುದುರೆಯೂ ನಿಂತಿತು, ಮದುಮಗ ಮುಹೂರ್ತ ಮೀರಿ ಮಂಟಪ ಸೇರಿದ.

"ಅಣ್ಣ, ಮೆರವಣಿಗೆ ನಿಲ್ಸೋ ಅಂಥದ್ದನ್ನ ಬೀದೀಲಿ ನುಡಿಸ್ಬಾರ್ದು ಅಂತಾರೆ ಅಬ್ಬಾ," ಅಂದ. "ಮನೇಲಿ ಒಬ್ರೇ ಕೂತಾಗ ಮಾತ್ರ ಅದನ್ನೇ ನುಡಿಸ್ಕೋತಾರೆ."

ಮಾತು ಚೆನ್ನಾಗಿತ್ತು. ಆದರೆ ಹೊಟ್ಟೆ ಉರಿಯುತ್ತಿರುವವನಿಗೆ ಚೆನ್ನಾಗಿರುವ ಮಾತು ಹಿಡಿಸುವುದಿಲ್ಲ. ನಾನು ಒಂದು ತೀರ್ಮಾನಕ್ಕೆ ಬಂದಿದ್ದೆ: ಅವನಿಗೆ ನನ್ನ ಮೇಲೆ ಹೊಟ್ಟೆಕಿಚ್ಚು. ಊರೆಲ್ಲ ಕೂಗುವುದು ಅವನ ಹಾಡನ್ನಾದರೂ, ತಿಳಿದವರು ಕೇಳುವುದು ನನ್ನದನ್ನು. ಅದು ಅವನಿಗೆ ತಡೆಯುತ್ತಿಲ್ಲ. ಹೆಂಡತಿಗೆ ಇದನ್ನು ಹೇಳಿದೆ. ಅವಳು ಬೀನ್ಸ್ ಸೋಸುತ್ತಾ, ನಿಮ್ಮ ಹೊಟ್ಟೆ ಮೇಲೆ ಒಂದು ಕುಕ್ಕರ್ ಇಟ್ಟರೆ ಗ್ಯಾಸ್ ಉಳಿಯುತ್ತೆ ಅಂದಳು. ನಾನು ಮಾತಾಡಿದ್ದು ಅವನ ಹೊಟ್ಟೆಕಿಚ್ಚಿನ ವಿಷಯ, ಅವಳು ನನ್ನದರ ಬಗ್ಗೆ ಹೇಳಿದಳು.

ಹೀಗಿರುವಾಗ ಬ್ಯಾಂಡಿಗೆ ಕೀಬೋರ್ಡ್ ನುಡಿಸಲು ಒಬ್ಬಳು ಹುಡುಗಿ ಬಂದಳು. ಗುಬ್ಬಿಯವಳು, ತುಮಕೂರಿನ ಒಂದು ಖಾಸಗಿ ಶಾಲೆಯಲ್ಲಿ ಮಕ್ಕಳಿಗೆ ಹಾಡು ಕಲಿಸುತ್ತಾಳೆ. ಶೆಡ್ಡಿಗೆ ಬಂದ ಮೊದಲ ದಿನವೇ ಮೂಗು ಮುಚ್ಚಿಕೊಂಡು ಕೇಳಿದಳು, ಮಧ್ಯಾಹ್ನ ಯಾಕೆ ಪ್ರಾಕ್ಟೀಸ್ ಮಾಡ್ತಿಲ್ಲ ಅಂತ. ಗೆಳೆಯ ಗಿಟಾರಿನ ಕಿವಿ ಹಿಂಡತೊಡಗಿದ. ಅದನ್ನ ಬರೆದವರು ನೀವೇ ಅಂತೆ, ಎಂದು ನನ್ನ ಕಡೆ ತಿರುಗಿದಳು. ಹಾಗೆ ನನ್ನ ಕಡೆ ತಿರುಗಿ ಕೇಳಿದವರಲ್ಲಿ ಅವಳೇ ಮೊದಲು.

"ಅಣ್ಣ, ನಾನು ನಿಮ್ಮ ಬ್ಯಾಂಡಿಗೆ ಬಂದಿದ್ದೇ ಆ ಹಾಡಿಂದ. ಈ ಸಲ ಅದನ್ನ ಮಾಡ್ಲೇಬೇಕು."

ಅವಳನ್ನು ಅಲ್ಲೇ ಎತ್ತಿ ಕುಣಿದಾಡಬೇಕು ಅನ್ನಿಸಿತು. ಗೆಳೆಯ ನನ್ನ ಮುಖ ನೋಡಿದ, ಬಹಳ ಹೊತ್ತು ನೋಡಿದ. ಆಮೇಲೆ, ನೀನೇ ಹಾಡೋದಾದರೆ ಆಗಲಿ ಕಣಮ್ಮ, ನಾನು ಬರೀ ಗಿಟಾರ್ ಹಿಡೀತೀನಿ ಅಂದ. ತಾನು ಹಾಡುವುದಿಲ್ಲ ಅಂದದ್ದು ನನಗೆ ಸೊಕ್ಕಿನ ಹಾಗೆ ಕೇಳಿಸಿತು. ಆದರೂ ತುತ್ತು ಬಾಯಿಯ ಹತ್ತಿರ ಬಂದಿತ್ತು, ಯಾರ ಕೈಯಿಂದ ಬಂದರೇನು ಅಂತ ಸುಮ್ಮನಾದೆ.

ತುಮಕೂರಿನ ಕಾಲೇಜೊಂದರ ಬಯಲು ರಂಗಮಂದಿರದಲ್ಲಿ ಶೋ. ಅಮ್ಮನನ್ನೂ ಕರೆದುಕೊಂಡು ಹೋಗಿ ಎರಡನೇ ಸಾಲಿನಲ್ಲಿ ಕೂರಿಸಿದ್ದೆ. ಆಲ್ಬಮ್ ಬಂದಾಗ ಅವಳಿಗೆ ಫೋನಿನಲ್ಲಿ ಈ ಹಾಡು ಕೇಳಿಸಿದ್ದೆ. ಗಲಾಟೆ ಕಮ್ಮಿ ಇದೆ, ಪರವಾಗಿಲ್ಲ ಅಂತ ಹೇಳಿ ಧಾರಾವಾಹಿಯ ಕಡೆ ತಿರುಗಿಕೊಂಡಿದ್ದಳು. ಇವತ್ತು ಎದುರಿಗೇ ಕೇಳಲಿ, ಮಗ ಏನು ಮಾಡಿದ್ದಾನೆ ಅಂತ ಗೊತ್ತಾಗಲಿ ಅನ್ನುವ ಆಸೆ. ಆ ಹುಡುಗಿ ಜಾಣೆ. ಶೋಗೆ ಮುಂಚೆಯೇ ನಿರೂಪಕಿಯನ್ನು ಹಿಡಿದು, ನಡುವೆ ಹಾಡು ನಿಲ್ಲುತ್ತದೆ, ಅದು ಮುಗಿದದ್ದಲ್ಲ, ನಾನು ಕೈ ಮೇಲೆತ್ತಿರುವ ತನಕ ಯಾರೂ ಸ್ಟೇಜ್ ಹತ್ತಬಾರದು ಅಂತ ತಾಕೀತು ಮಾಡಿದ್ದಳು. ಇಷ್ಟು ವರ್ಷ ಈ ಸಣ್ಣ ಉಪಾಯ ನಮಗ್ಯಾರಿಗೂ ಹೊಳೆದಿರಲಿಲ್ಲ.

ಮಧ್ಯಾಹ್ನ ಶುರುವಾಗುವುದು ಬೇಸಿನಿಂದ. ಬೇರೇನೂ ಇಲ್ಲ, ನಾನೊಬ್ಬನೇ ನಾಲ್ಕು ಸ್ವರ, ತಿರುಗಿ ತಿರುಗಿ ಅದೇ ನಾಲ್ಕು, ಫ್ಯಾನಿನ ಹಾಗೆ. ಶುರು ಮಾಡಿದೆ. ಅವಳು ಹಾಡಿದಳು. ನಾನು ಬರೆದಿದ್ದ ಒಂದೊಂದು ಮಾತೂ ಬಿಡಿಬಿಡಿಯಾಗಿ ಕೇಳಿಸಿತು. ಗೆಳೆಯನ ದನಿಯಲ್ಲಿ ಗಿಟಾರಿನ ಜೊತೆ ಕಲಸಿಹೋಗುತ್ತಿದ್ದ ಪದಗಳು ಅವಳ ಬಾಯಲ್ಲಿ ಮನೆಮಾತಿನ ಹಾಗೆ ಬಂದವು. ನಿಲುಗಡೆ ಬಂತು. ಅವಳು ಕೈ ಮೇಲೆತ್ತಿದಳು. ಒಬ್ಬ ಯಾರೋ ಚಪ್ಪಾಳೆ ತಟ್ಟಲು ಹೋಗಿ ನಿಲ್ಲಿಸಿದ. ಅಷ್ಟೂ ಹುಡುಗ ಹುಡುಗಿಯರು ಸುಮ್ಮನೆ ನಿಂತಿದ್ದರು, ದೂರದ ರಸ್ತೆಯಲ್ಲಿ ಲಾರಿ ಗೇರ್ ಬದಲಿಸಿದ್ದು ಕೇಳಿಸಿತು. ಅವಳ ಕೈ ಕೆಳಗಿಳಿಯಿತು, ನಾನು ಮತ್ತೆ ನಾಲ್ಕು ಸ್ವರ ಹಿಡಿದೆ. ನನ್ನ ಕಣ್ಣಲ್ಲಿ ನೀರಿತ್ತು, ನಾಚಿಕೆ ಬಿಟ್ಟು ಹೇಳುತ್ತೇನೆ.

ಆ ಸುಖ ಸ್ಟೇಜಿನ ಮೆಟ್ಟಿಲು ಇಳಿಯುವ ತನಕ ಇತ್ತು. ಕೆಳಗೆ ಹುಡುಗರು ಅವಳನ್ನು ಮುತ್ತಿಕೊಂಡಿದ್ದರು. ಮ್ಯಾಮ್, ಆ ಹಾಡು ಎಷ್ಟು ಚೆನ್ನಾಗಿ ಬರೆದಿದೀರ ಅನ್ನುತ್ತಿದ್ದರು. ಅವಳು, ನಾನಲ್ಲ, ಅಣ್ಣ ಬರೆದಿದ್ದು ಅಂತ ನನ್ನ ಕಡೆ ಬೆರಳು ತೋರಿಸಿದಳು, ನ್ಯಾಯ ಹೇಳಬೇಕು. ಅವರು ನನ್ನನ್ನು ನೋಡಿ, ಓ, ಸೂಪರ್ ಅಂಕಲ್ ಅಂತ ಹೇಳಿ ಮತ್ತೆ ಅವಳ ಕಡೆಯೇ ತಿರುಗಿದರು. ಅಂಕಲ್ ಅಂದದ್ದಕ್ಕೂ ಸಿಟ್ಟು ಬಂತು, ತಿರುಗಿದ್ದಕ್ಕೂ ಸಿಟ್ಟು ಬಂತು. ಅದನ್ನೆಲ್ಲ ನುಂಗಿಕೊಳ್ಳಬಹುದಿತ್ತು. ಅಮ್ಮನ ಹತ್ತಿರ ಹೋದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಕ್ಯಾಲೆಂಡರ್ ರಟ್ಟಲ್ಲಿ ಗಾಳಿ ಬೀಸ್ತಿದ್ದಿದ್ದು ಆ ಹುಡುಗೀಗೆ ಹೆಂಗೋ ಗೊತ್ತಾಯ್ತು?"

ನಾನು ಬರೆದಿದ್ದು ಅಮ್ಮ, ನಾನೇ ಹೇಳಿದ್ದು ಅಂದೆ. ಹೌದಾ, ಅಂತ ನನ್ನ ಬೆನ್ನು ತಟ್ಟಿದಳು. ತಟ್ಟುತ್ತಲೇ ಕಣ್ಣು ಮಾತ್ರ ಆ ಹುಡುಗಿಯನ್ನು ಹುಡುಕುತ್ತಿತ್ತು. ಎಂಥ ಗಂಟಲು, ನೋಡಿದಂಗೇ ಹಾಡ್ತಾಳೆ, ಒಂದಿನ ಊಟಕ್ಕೆ ಕರೀಬೇಕು, ಒಬ್ಬಟ್ಟು ಮಾಡ್ತೀನಿ ಅಂದಳು. ನನ್ನ ತಾಯಿ, ನನ್ನ ಮಧ್ಯಾಹ್ನ, ನನ್ನ ಕ್ಯಾಲೆಂಡರ್ ರಟ್ಟು, ಒಬ್ಬಟ್ಟು ಮಾತ್ರ ಅವಳಿಗೆ. ಟೋಲ್‌ಗೇಟಿಗೆ ಉರಿದದ್ದು ಏನೇನೂ ಅಲ್ಲ ಅನ್ನಿಸಿತು. ಅದು ಅವನ ಹಾಡು, ಅವನಿಗೆ ಚಪ್ಪಾಳೆ. ಇದು ನನ್ನದು.

ವೈರ್ ಸುತ್ತಲು ಸ್ಟೇಜಿನ ಹಿಂದಕ್ಕೆ ಹೋದೆ. ಗೆಳೆಯ ಆಂಪ್ಲಿಫೈಯರ್ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದ. ಈಗ ಗೊತ್ತಾಯ್ತಾ ಅಂದ. ಏನು ಗೊತ್ತಾಗಬೇಕು ಅಂದೆ. ಇಷ್ಟು ವರ್ಷ ನೀನು ಬೇಕಂತಲೇ ನನ್ನ ಹಾಡನ್ನ ತುಳಿದೆ, ನಿನಗೆ ಹೊಟ್ಟೆಕಿಚ್ಚು ಅಂತ ಅಂದೇಬಿಟ್ಟೆ. ಅವನು ಜಗಳಕ್ಕೆ ಎದ್ದಿದ್ದರೆ ನನಗೆ ಸಲೀಸಾಗಿತ್ತು. ಅವನು ಏಳಲಿಲ್ಲ.

"ಗುಬ್ಬಿಯಿಂದ ಬರ್ವಾಗ ವ್ಯಾನಲ್ಲಿ ನಿನ್ ಮಖ ನೋಡಿದ್ದೆ ಕಣ್ಲಾ," ಅಂದ. "ಅದಕ್ ಮುಂಚೇನೂ ಅಷ್ಟೆ. ಆ ಹಾಡು ಹಾಡಿದಾಗೆಲ್ಲ ಜನ ಬಂದು ನಂಗೆ ಕೈ ಕೊಡೋರು, ನೀನು ಹಿಂಗೇ ಮಖ ಮಾಡ್ಕೊಂಡು ವೈರ್ ಸುತ್ತಕ್ಕೆ ಹೋಗೋನು, ವಾರಗಟ್ಲೆ ಫೋನ್ ಎತ್ತೋನಲ್ಲ. ಒಂದು ಹಾಡಿಗೋಸ್ಕರ ನಿನ್ನ ಕಳ್ಕೊಳ್ಳೋದಾ ಅಂತ ಬುಟ್ಬುಟ್ಟೆ."

ನನ್ನ ಕೈಯಲ್ಲಿದ್ದ ವೈರು ಹಾಗೇ ಉಳಿಯಿತು. ದೊಡ್ಡ ದೊಡ್ಡ ಬ್ಯಾಂಡುಗಳು ತಮ್ಮ ಒಳ್ಳೊಳ್ಳೆಯ ಹಾಡುಗಳನ್ನು ಯಾಕೆ ಬಿಡುತ್ತವೆ ಎಂದು ನಾನು ಏನೇನೋ ಲೆಕ್ಕ ಹಾಕಿದ್ದೆ, ಜನ, ಗಂಟಲು, ಸೌಂಡು ಅಂತ. ಸ್ಟೇಜಿನ ಮೂಲೆಯಲ್ಲಿ ನಿಂತ ಒಬ್ಬನ ಮುಖ ಕೂಡ ಕಾರಣ ಇರಬಹುದು ಅಂತ ಹೊಳೆದಿರಲಿಲ್ಲ. ಅವನನ್ನು ತಬ್ಬಿಕೊಳ್ಳಬೇಕಿತ್ತು. ಬೇರೆ ಯಾರಾದರೂ ಆಗಿದ್ದರೆ ತಬ್ಬಿಕೊಳ್ಳುತ್ತಿದ್ದರು. ನನ್ನ ಪಾಪಿ ಹೊಟ್ಟೆ ಅಲ್ಲೂ ಉರಿಯಿತು. ಹಾಡಿನಲ್ಲಿ ಮುಂದೆ, ಜನರಲ್ಲಿ ಮುಂದೆ, ಕೊನೆಗೆ ದೊಡ್ಡತನದಲ್ಲೂ ಅವನೇ ಮುಂದೆ. ನನಗೆ ಉಳಿದದ್ದು ವೈರು. ಸರಿ ಬಿಡು ಅಂದೆ, ಸುತ್ತುವುದನ್ನು ಮುಂದುವರಿಸಿದೆ.

ಅದಾದ ಮೇಲೆ ಅವಳು ಹಾಡಿದ ವೀಡಿಯೋ ಊರಿನ ಫೋನುಗಳಲ್ಲೆಲ್ಲ ಓಡಾಡಿತು. ಕೈ ಮೇಲೆತ್ತಿ ನಿಂತ ಹುಡುಗಿ, ಸುಮ್ಮನಿರುವ ಜನ. ಬೇಸ್ ನುಡಿಸುವವನ ಮೊಣಕೈ ಒಂದು ಅಂಚಿನಲ್ಲಿ ಕಾಣುತ್ತದೆ, ಬೇಕಾದರೆ ನೋಡಿ. ಅಮ್ಮ ಅದನ್ನು ನೆಂಟರಿಗೆಲ್ಲ ಕಳಿಸಿದಳು. ಒಬ್ಬಟ್ಟಿನ ಊಟವೂ ಆಯಿತು. ಆ ಹುಡುಗಿ ನಮ್ಮ ನಡುಮನೆಯಲ್ಲಿ ಚಕ್ಕಳಮಕ್ಕಳ ಹಾಕಿಕೊಂಡು ಕೂತು, ಯಾವ ಕೋಣೆ ಅಮ್ಮಾ, ಯಾವ ಫ್ಯಾನು ಎಂದು ಕೇಳಿದಳು. ಅಮ್ಮ ತೋರಿಸಿದಳು. ನಾನು ನೀರು ತರುವ ನೆಪದಲ್ಲಿ ಎದ್ದು ಒಳಗೆ ಹೋದೆ.

ಮುಂದಿನ ಶೋ ಕುಣಿಗಲ್ಲಿನಲ್ಲಿ, ರಾಜ್ಯೋತ್ಸವದ ಕಾರ್ಯಕ್ರಮ, ಹುತ್ರಿದುರ್ಗದ ಕಡೆಯಿಂದೆಲ್ಲ ಟೆಂಪೋ ಮಾಡಿಕೊಂಡು ಜನ ಬಂದಿದ್ದರು. ಗೆಳೆಯನ ಊರು, ಅವನ ಅಂಗಡಿಯ ಗಿರಾಕಿಗಳೇ ಮುಂದಿನ ಸಾಲಿನಲ್ಲಿದ್ದರು. ಹೊರಡುವ ಮುನ್ನ ಶೆಡ್ಡಿನಲ್ಲಿ ಮಧ್ಯಾಹ್ನದ ಮಾತು ಬಂದಾಗ ಅವನು ನನ್ನನ್ನು ನೋಡಿ, ನೀನು ಹೇಳಿದಂಗೆ ಅಂದಿದ್ದ. ಅಲ್ಲಿ ನೋಡೋಣ ಅಂದಿದ್ದೆ. ಮೂರು ಹಾಡು ಮುಗಿಯಿತು. ಆಗ ಶುರುವಾಯಿತು. ಎಡಗಡೆಯಿಂದ ಒಂದಿಷ್ಟು ಹುಡುಗಿಯರು ಮಧ್ಯಾಹ್ನ ಮಧ್ಯಾಹ್ನ ಅಂದರು. ಅವರ ಹಿಂದಿನವರೂ ಅಂದರು. ನೋಡನೋಡುತ್ತಿದ್ದಂತೆ ಇಡೀ ಮೈದಾನ ನನ್ನ ಹಾಡಿನ ಹೆಸರು ಹಿಡಿದು ಕೂಗಿತು. ಇಷ್ಟು ವರ್ಷ ಇದೇ ಒಂದು ಕೂಗಿಗಾಗಿ ಬಾಯಿ ಬಿಟ್ಟುಕೊಂಡು ಕಾದಿದ್ದೆ.

ಗೆಳೆಯ ಮೈಕ್ ಬಿಟ್ಟು ಹಿಂದಕ್ಕೆ ಸರಿದ. ಹುಡುಗಿ ಮುಂದೆ ಬಂದು ಕೂದಲು ಕಿವಿಯ ಹಿಂದಕ್ಕೆ ಸಿಕ್ಕಿಸಿಕೊಂಡಳು. ಡ್ರಮ್ಮರ್ ಕೋಲುಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಮೂವರೂ ನನ್ನ ಕಡೆ ನೋಡಿದರು. ಆ ನಾಲ್ಕು ಸ್ವರ ನನ್ನ ಬೆರಳಿನಿಂದ ಬಾರದೆ ಹಾಡು ಶುರುವಾಗುವ ಹಾಗಿಲ್ಲ. ತಂತಿ ಇಳಿಸಿದೆ. ಜನ ಇನ್ನೂ ಜೋರಾಗಿ ಕೂಗಿದರು. ಅವರ ಫೋನುಗಳೆಲ್ಲ ಆಗಲೇ ಮೇಲಿದ್ದವು, ಎಲ್ಲ ಅವಳ ಕಡೆ. ಅವಳು ಕೈ ಮೇಲೆತ್ತುತ್ತಾಳೆ, ಜನ ಸುಮ್ಮನಾಗುತ್ತಾರೆ, ಅಳುತ್ತಾರೆ, ಕೆಳಗಿಳಿದ ಮೇಲೆ ಅವಳಿಗೆ ಕೈ ಕೊಡುತ್ತಾರೆ. ನನ್ನ ಅಮ್ಮನ ನಿದ್ದೆ, ನನ್ನ ಮನೆಯ ಸೆಕೆ, ಎಲ್ಲ ಇನ್ನೊಂದು ಸಲ ಅವಳದಾಗುತ್ತದೆ. ಕೊಡಲಾರೆ ಅನ್ನಿಸಿತು. ಬೇರೆ ಕಾರಣ ಏನೂ ಇರಲಿಲ್ಲ. ಇಳಿಸಿದ ತಂತಿಯನ್ನು ಮತ್ತೆ ಏರಿಸಿದೆ.

ಆಮೇಲೆ ಟೋಲ್‌ಗೇಟ್ ನುಡಿಸಲು ಶುರು ಮಾಡಿದೆ.

ಹುಡುಗಿ ಗಕ್ಕನೆ ತಿರುಗಿ ನೋಡಿದಳು. ಡ್ರಮ್ಮರ್ ಒಂದು ಸುತ್ತು ಬಿಟ್ಟು ಸೇರಿಕೊಂಡ. ಗೆಳೆಯ ಮೈಕಿನ ಹತ್ತಿರ ಬಂದು, ನನ್ನ ಮುಖವನ್ನೇ ನೋಡುತ್ತಾ, ಗೇಟ್ ಅಂದ. ಈಗ ಜನ ಬೈಯುತ್ತಾರೆ, ಬೇಡ ಬೇಡ, ನಮಗೆ ಮಧ್ಯಾಹ್ನವೇ ಬೇಕು ಅನ್ನುತ್ತಾರೆ, ಎರಡು ಮಾತು ಬೈಸಿಕೊಂಡು ಮತ್ತೆ ತಂತಿ ಇಳಿಸಿದರಾಯಿತು ಅಂತ ನಾನು ತಲೆ ತಗ್ಗಿಸಿಕೊಂಡು ಕಾದೆ. ಒಬ್ಬನಾದರೂ ಛೆ ಅನ್ನಲಿ ಅಂತ ಕಿವಿ ಕೊಟ್ಟೆ. ಯಾರೂ ಅನ್ನಲಿಲ್ಲ. ಮಧ್ಯಾಹ್ನ ಅಂತ ಕೂಗುತ್ತಿದ್ದ ಎಡಗಡೆಯ ಆ ಹುಡುಗಿಯರೇ ಎಲ್ಲರಿಗಿಂತ ಮೊದಲು ಎಗರೆಗರಿ, ತೆಗಿ ತೆಗಿ ಅಂತ ಕುಣಿಯುತ್ತಿದ್ದರು.